ಅಪ್ಪ ಬಿಟ್ಟ ಕೆಲಸ

ಟಿಕೋಟಾ
3 ಸೆಪ್ಟೆಂಬರ್ 2024

ಗೌತಮಿ,

ನಿನ್ನ ಮೊಬೈಲಿನಲ್ಲಿ ನನ್ನ ನಂಬರು ಬಂದ್ ಮಾಡಿದ್ದೀ. ಅಂಚೆಯವನನ್ನು ಬಂದ್ ಮಾಡಲು ನಿನ್ನಿಂದ ಆಗುವುದಿಲ್ಲ. ಅದಕ್ಕೇ ಈ ಕಾಗದ.

ಸೊಲ್ಲಾಪುರದ ಗಂಡನಿಗೆ ಸೋಡಚೀಟಿ ಕೊಟ್ಟು ಬಂದಾಗ ನಾನು ನಿನಗೆ ಒಂದು ಮಾತು ಅನ್ನಲಿಲ್ಲ. ಇದು ನಿನ್ನ ಮನೆ, ಇರು ಅಂದೆ. ಕಂಪ್ಯೂಟರ್ ಕಲಿಯುತ್ತೇನೆ, ವಿಜಯಪುರದಲ್ಲಿ ರೂಮು ಮಾಡುತ್ತೇನೆ ಅಂದಾಗಲೂ ಬೇಡ ಅನ್ನಲಿಲ್ಲ. ನಿನ್ನ ಗಂಟು ಹೊತ್ತು ಬಸ್ ಹತ್ತಿಸಿದವನು ನಾನೇ.

ನಿನ್ನೆ ನಮ್ಮ ಓಣಿಯ ಆಟೋ ಸಿಕಂದರ ಶಾಲೆಯ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದ. ಹೆಡ್ ಮಾಸ್ತರರು, ಉಳಿದ ಶಿಕ್ಷಕರು ಎಲ್ಲರೂ ಅಲ್ಲೇ ಇದ್ದರು. "ಮಾಸ್ತರ, ನಮ್ಮವ್ವನ್ನ ಬಿಜಾಪುರದಾಗ ದವಾಖಾನಿಗೆ ಹಾಕಿದ್ನಿರಿ. ಅಲ್ಲಿ ನಿಮ್ಮ ತಂಗಿ ಇದ್ದಳರಿ. ಹೇಲು, ಉಚ್ಚಿ ಅನ್ನದ ಎಲ್ಲಾ ಬಳದಳರಿ. ಹೊಟ್ಟ್ಯಾಗ ಹುಟ್ಟಿದ ಮಗಳು ಮಾಡೂದಿಲ್ಲ ಹಂಗ" ಅಂದ. ಪಾಪ, ಅವನು ಹೊಗಳುತ್ತಿದ್ದ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಘಂಟೆ ಹೊಡೆಯುವ ಮೊದಲೇ ತರಗತಿಯೊಳಗೆ ಹೋಗಿ ಕೂತೆ.

ಅಪ್ಪನನ್ನು ಮರೆತೆಯಾ? ಕಾಖಂಡಕಿಯಲ್ಲಿ ನಮ್ಮಪ್ಪ ಹುಟ್ಟಿದಾಗಿನಿಂದ ಮಂದಿಯ ಅಂಗಳ ಬಳಿದ, ಮಂದಿಯ ಸತ್ತ ದನ ಎಳೆದ. ಮೀಸೆ ಮೂಡಿದ ಮೇಲೆ ಒಂದು ದಿನ ಕಸಬರಿಗೆ ಅವರ ಅಂಗಳದಲ್ಲೇ ಒಗೆದು, "ಇನ್ನ ಮ್ಯಾಲ ನಿಮ್ಮದು ನೀವ ಬಳಕೋರಿ" ಅಂದು ಅವ್ವನನ್ನು ಕರೆದುಕೊಂಡು ಟಿಕೋಟಾಕ್ಕೆ ನಡೆದು ಬಂದ. ಕಲ್ಲು ಒಡೆದ, ಅಂಚೆ ಕಚೇರಿಯಲ್ಲಿ ಚೀಲ ಹೊತ್ತ, ಧಮ್ಮ ದೀಕ್ಷೆ ತೆಗೆದುಕೊಂಡ, ನಮ್ಮನ್ನು ಓದಿಸಿದ. ಅವನು ನಮಗೆ ಹಾಕಿದ ಕಾಯಿದೆ ಒಂದೇ ಒಂದು: ಈ ಮನೆಯವರು ಇನ್ನೊಬ್ಬರ ಹೊಲಸು ಮುಟ್ಟಬಾರದು.

ಅಪ್ಪ ಬಿಟ್ಟ ಕೆಲಸಕ್ಕೆ ನೀನು ಫೀ ಕಟ್ಟಿ ಸೇರಿಕೊಂಡಿದ್ದೀ.

ರವಿವಾರದೊಳಗೆ ಮನೆಗೆ ಬಾ.

ಅಂಬಾದಾಸ

*

ವಿಜಯಪುರ
9 ಸೆಪ್ಟೆಂಬರ್ 2024

ಅಣ್ಣನಿಗೆ,

ಕಾಗದ ಮುಟ್ಟಿತು. ಅದರಲ್ಲಿ ನಿನ್ನ ಹೆಡ್ ಮಾಸ್ತರರಿದ್ದಾರೆ, ನಿನ್ನ ಶಿಕ್ಷಕರಿದ್ದಾರೆ, ನಿನ್ನ ಮರ್ಯಾದೆ ಇದೆ. ಸಿಕಂದರನ ತಾಯಿ ಬದುಕಿದಳೋ ಸತ್ತಳೋ ಎಂದು ಒಂದು ಸಾಲು ಇಲ್ಲ. ಬದುಕಿದ್ದಾಳೆ. ಎದ್ದು ಕೂತು ಗಂಜಿ ಕುಡಿದಳು.

ಕಂಪ್ಯೂಟರ್ ಎಂದು ಸುಳ್ಳು ಹೇಳಿದ್ದು ಹೌದು. ನಿಜ ಹೇಳಿದ್ದರೆ ಬಸ್ ಹತ್ತಿಸುತ್ತಿದ್ದೆಯಾ?

ನೀನು ಮಾಸ್ತರ, ಆದ್ದರಿಂದ ನಿನಗೆ ಪಾಠ ಮಾಡಿದ ಹಾಗೆಯೇ ಬರೆಯುತ್ತೇನೆ. ಇದಕ್ಕೆ ನರ್ಸಿಂಗ್ ಸಹಾಯಕಿಯ ತರಬೇತಿ ಎನ್ನುತ್ತಾರೆ. ಸುಮ್ಮನೆ ಹೋಗಿ ಕೆಲಸಕ್ಕೆ ನಿಲ್ಲುವಂಥದ್ದಲ್ಲ. ಹತ್ತನೆಯ ಇಯತ್ತೆ ಪಾಸಾಗಿರಬೇಕು, ಮೈಯಲ್ಲಿ ರೋಗವಿಲ್ಲವೆಂದು ಡಾಕ್ಟರು ಬರೆದುಕೊಡಬೇಕು. ಮುಂಜಾನೆ ತರಗತಿ, ಆಮೇಲೆ ವಾರ್ಡು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ನಾಡಿ ನೋಡಬೇಕು, ಬಿಪಿ ನೋಡಬೇಕು, ಎದ್ದೇಳಲಾರದವರನ್ನು ಅವರ ಎಲುಬು ನೋಯದ ಹಾಗೆ ಹೊರಳಿಸಬೇಕು. ಪರೀಕ್ಷೆಗೆ ಹೊರಗಿನವರು ಬರುತ್ತಾರೆ. ಪಾಸಾದರೆ ಸರ್ಕಾರದ ಮುದ್ರೆಯ ಪ್ರಮಾಣಪತ್ರ. ಅದು ಕೈಯಲ್ಲಿದ್ದರೆ ಯಾವನೂ ನನ್ನನ್ನು "ಏ, ಬಾ ಇಲ್ಲಿ" ಎಂದು ಕರೆಯುವ ಹಾಗಿಲ್ಲ.

ಎರಡು ಸಂಗತಿ ನಿನ್ನ ಕೈಯಲ್ಲಿವೆ. ನನ್ನ ಹತ್ತನೆಯ ಇಯತ್ತೆಯ ಮೂಲ ಅಂಕಪಟ್ಟಿ ನಿನ್ನ ಪೆಟ್ಟಿಗೆಯಲ್ಲಿದೆ, ಕಳಿಸಿಕೊಡು. ಇನ್ನೊಂದು, ನನ್ನ ನಡತೆ ವಿಚಾರಿಸಲು ಪೊಲೀಸರು ಟಿಕೋಟಾದ ಮನೆಗೆ ಬರುತ್ತಾರೆ. ಹೌದು, ನನ್ನ ತಂಗಿ, ಈ ಮನೆಯವಳು ಅಂದರೆ ಸಾಕು. ಅದಕ್ಕಿಂತ ಹೆಚ್ಚು ಬೇಡ.

ಅಪ್ಪನ ಮಾತು ತೆಗೆದೆ. ಅಪ್ಪ ಕೊನೆಗೆ ಹಾಸಿಗೆ ಹಿಡಿದಾಗ ಅವನನ್ನು ಬಳಿದವರು ಯಾರು? ನಾನು ಸೊಲ್ಲಾಪುರದಿಂದ ಬಂದು ಅವನ ಮೈ ತೊಳೆದೆ, ಬೆನ್ನು ತೊಳೆದೆ, ಬಟ್ಟೆ ಬದಲಿಸಿದೆ. ನೀನು ಬಾಗಿಲ ಹೊರಗೆ ನಿಂತು "ಆತೇನು? ಆತೇನು?" ಎಂದು ಕೇಳುತ್ತಿದ್ದೆ. ಮೂಗು ಮುಚ್ಚಿಕೊಂಡು ಒಂದು ಸಲವಾದರೂ ಒಳಗೆ ಬಂದೆಯಾ? ಹೆತ್ತ ಅಪ್ಪನ ಹೊಲಸಿಗೇ ಹೇಸಿದವನು ನೀನು. ಅದಕ್ಕೆ ಅವನ ಕಾಯಿದೆಯ ಹೊದಿಕೆ ಹೊದಿಸಬೇಡ.

ಗೌತಮಿ

*

ಟಿಕೋಟಾ
15 ಸೆಪ್ಟೆಂಬರ್ 2024

ಗೌತಮಿ,

ಅಪ್ಪನನ್ನು ತೊಳೆದದ್ದಕ್ಕೆ ಯಾರಾದರೂ ನಿನಗೆ ಸಂಬಳ ಕೊಟ್ಟರೇ? ಅದು ಬೇರೆ, ಇದು ಬೇರೆ. ಇಷ್ಟು ತಿಳಿಯದವಳಿಗೆ ಪಾಠ ಮಾಡಲು ಬಂದವರು ಯಾರು?

ಸರ್ಕಾರದ ಮುದ್ರೆ ಎನ್ನುತ್ತೀ. ಹೊಲಸಿನ ಮೇಲೆ ಮುದ್ರೆ ಒತ್ತಿದರೆ ಅದು ಗಂಧವಾಗುವುದಿಲ್ಲ. ಆ ಕೆಲಸಕ್ಕೆ ನಮ್ಮ ಹೆಣ್ಣುಮಕ್ಕಳೇ ಏಕೆ ಹೆಚ್ಚು ಸೇರುತ್ತಾರೆ, ಗೌಡರ ಸೊಸೆಯಂದಿರು ಏಕೆ ಸೇರುವುದಿಲ್ಲ ಎಂದು ನಿನ್ನ ತರಗತಿಯಲ್ಲಿ ಎದ್ದು ನಿಂತು ಕೇಳು.

ಅಂಕಪಟ್ಟಿ ನನ್ನ ಪೆಟ್ಟಿಗೆಯಲ್ಲಿಯೇ ಇರುತ್ತದೆ. ಪಿಯುಸಿ ಮತ್ತೆ ಕಟ್ಟುವುದಾದರೆ ಕೊಡುತ್ತೇನೆ.

ಬಾಗಿಲ ಹೊರಗೆ ನಿಂತವನ ಬಗ್ಗೆ ಬರೆದಿದ್ದೀ. ಅದಕ್ಕೆ ಉತ್ತರ ಕೊಡುವುದಿಲ್ಲ.

ಅಂಬಾದಾಸ

*

ವಿಜಯಪುರ
22 ಅಕ್ಟೋಬರ್ 2024

ಅಂಬಾದಾಸ ಮಾಸ್ತರರಿಗೆ,

ನಿಮ್ಮ ಉಪಕಾರ ಮುಟ್ಟಿತು.

ಶನಿವಾರ ತರನ್ನುಮ ಮೇಡಂ ನನ್ನನ್ನು ವಾರ್ಡಿನಿಂದ ಕರೆಸಿದರು. ನಮ್ಮ ತರಬೇತಿ ಕೇಂದ್ರ ನಡೆಸುವವರು ಅವರೇ. ಮೇಜಿನ ಮೇಲೆ ಪೊಲೀಸರ ವರದಿ ಇತ್ತು. "ಗೌತಮಿ, ಇದೇನವಾ? ಈ ಹೆಸರಿನವರು ಆ ಮನ್ಯಾಗ ಯಾರೂ ಇಲ್ಲ ಅಂತ ಬರದಾರ. ಸುಳ್ಳ ವಿಳಾಸ ಕೊಟ್ಟೀಯೇನು?" ಅಂದರು.

"ಇಲ್ರಿ ಮೇಡಂ. ಅದು ನಮ್ಮಣ್ಣನ ಮನಿ."

"ಹಂಗಾದ್ರ ನಿಮ್ಮಣ್ಣ ಹಿಂಗ್ಯಾಕ ಹೇಳ್ಯಾನ?"

ನಾನು ಏನು ಹೇಳಬೇಕಾಗಿತ್ತು? ಸುರೈಯಾ ಎಂಬ ನನ್ನ ಜೊತೆಗಾತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಲೂ ಆಗಲಿಲ್ಲ. ಈ ಸಲದ ಪರೀಕ್ಷೆಯ ಯಾದಿಯಿಂದ ನನ್ನ ಹೆಸರು ತೆಗೆದಿದ್ದಾರೆ. ವರದಿ ಸರಿಯಾಗಿ ಬಂದರೆ ಮುಂದಿನ ತಂಡದ ಜೊತೆ ಕೂಡಿಸುತ್ತಾರಂತೆ, ಬಾರದಿದ್ದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಗಂಡ ಎರಡು ಸಲ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದ. ಆದರೆ ಆ ಹಲ್ಕಟ್ ಸಹ ಪೊಲೀಸರ ಮುಂದೆ ಇವಳು ನನ್ನ ಹೆಂಡತಿಯೇ ಅಲ್ಲ ಅನ್ನಲಿಲ್ಲ.

ಅಂಕಪಟ್ಟಿಯ ಮಾತು ಇನ್ನು ನಾನು ಎತ್ತುವುದಿಲ್ಲ. ನಿನ್ನ ಪೆಟ್ಟಿಗೆ ನೀನೇ ಕಾಯ್ದುಕೋ.

ಗೌತಮಿ

*

ಟಿಕೋಟಾ
29 ಅಕ್ಟೋಬರ್ 2024

ಗೌತಮಿ,

ಅಂಕಪಟ್ಟಿಯ ಮಾತು ಎತ್ತುವುದಿಲ್ಲ ಎಂದ ಕೂಡಲೇ ನನಗೆ ಸಂಶಯ ಬಂತು. ಹಾಗೆ ಬಿಡುವವಳಲ್ಲ ನೀನು. ಪೆಟ್ಟಿಗೆ ತೆಗೆದು ನೋಡಿದರೆ ಅಲ್ಲಿ ಇಲ್ಲ.

ಹನಮವ್ವ ರೊಟ್ಟಿ ಬಡಿಯುತ್ತಿದ್ದಳು. ಕೇಳಿದೆ. ತಲೆ ಎತ್ತದೆ ಹೇಳಿದಳು: "ನಾನ ಕೊಟ್ಟೇನ್ರಿ. ಬಳಿ ಇಡಿಸ್ಕೊಂಡ ಬರ್ತೇನಿ ಅಂತ ಬಿಜಾಪುರದ ಗಾಂಧಿ ಚೌಕಕ್ಕ ಹೋಗಿದ್ನೆಲ್ಲಾ, ಅವತ್ತ."

"ಯಾರನ್ನ ಕೇಳಿ ಕೊಟ್ಟಿ?"

"ಆಕಿ ಪಾಸಾಗೂವಾಗ ಯಾರನ್ನ ಕೇಳಿ ಆಗಿದ್ದಳ್ರಿ?"

ಹದಿನಾರು ವರ್ಷದ ಸಂಸಾರದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಇದೇ ಮೊದಲು. ಅಷ್ಟಕ್ಕೇ ನಿಲ್ಲಲಿಲ್ಲ. ನಿನ್ನ ಕಾಗದ ನನ್ನಿಂದ ಕಸಿದುಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಮರುದಿನ ರೇಷನ್ ಕಾರ್ಡು ಸೆರಗಿನಲ್ಲಿ ಕಟ್ಟಿಕೊಂಡು ಒಬ್ಬಳೇ ಠಾಣೆಗೆ ಹೋದಳು. "ನಮ್ಮ ಮನಿಯವರು ಸಿಟ್ಟಿನ ಕೈಯಾಗ ಹೇಳ್ಯಾರ್ರಿ. ನಮ್ಮ ನಾದಿನಿ ಆಕಿ. ಬೇಕಾದ್ರ ಓಣಿ ಮಂದಿನ್ನ ಕೇಳ್ರಿ" ಅಂದಳಂತೆ. ಹೊಸ ವರದಿ ನಿನಗೆ ಮುಟ್ಟುತ್ತದೆ. ಖುಷಿ ಪಡು. ನನ್ನ ಮನೆಯೊಳಗೇ ನನಗೊಂದು ವೈರಿಯನ್ನು ಹುಟ್ಟಿಸಿದೆ.

ನಾನು ಏಕೆ ಹಾಗೆ ಹೇಳಿದೆ ಎಂದು ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಪೊಲೀಸಿನವನು ಸಭ್ಯವಾಗಿಯೇ ಕೇಳಿದ. ಎದುರಿನ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬ ನಕ್ಕು, "ಮಾಸ್ತರಕಿ ಮಾಡಿದ್ರೇನಾತು, ಕಡೀಕ ತಂಗಿ ಕೈಯಾಗ ಕಸಬರಿಗಿನ ಬಂತಲ್ಲಾ" ಅಂದ. ಅದಕ್ಕೆ ಉಳಿದವರೂ ನಕ್ಕರು. ನನ್ನ ಬಾಯಿಂದ ಬಂತು: ಅಂಥ ತಂಗಿ ನನಗಿಲ್ಲ.

ಬಂದ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆ ನಗು ನಿನ್ನ ಕಿವಿಗೆ ಬಿದ್ದಿಲ್ಲ, ನನ್ನ ಕಿವಿಗೆ ಬಿದ್ದಿದೆ.

ಅಂಬಾದಾಸ

*

ವಿಜಯಪುರ
18 ಡಿಸೆಂಬರ್ 2024

ಅಣ್ಣನಿಗೆ,

ಪಾಸಾದೆ. ನಿನಗೆ ಸಂತೋಷವಾಗಲೆಂದು ಬರೆಯುತ್ತಿಲ್ಲ. ವೈನಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ, ಓದಿ ಹೇಳು. ಅವಳ ಮುಂದೆ ಸಾಲು ನುಂಗಬೇಡ.

ಹೊಸ ವರದಿ ಬಂದ ಮೇಲೆ ಮುಂದಿನ ತಂಡದ ಜೊತೆ ಕೂಡಿಸಿದರು. ಬರೆಯುವ ಪರೀಕ್ಷೆ ಸುಲಭವಿತ್ತು. ಮಾಡಿ ತೋರಿಸುವ ಪರೀಕ್ಷೆಗೆ ಬೆಳಗಾವಿ ಕಡೆಯ ಒಬ್ಬರು ನರ್ಸಬಾಯಿ ಬಂದಿದ್ದರು. ಮುಖದಲ್ಲಿ ನಗು ಎಂಬುದೇ ಇಲ್ಲ. ಮೊದಲೇ ಪಾಸಾಗಿದ್ದ ಸುರೈಯಾಳನ್ನು ರೋಗಿಯ ಹಾಗೆ ಮಲಗಿಸಿ, ಹಾಸಿಗೆಯಿಂದ ಗಾಲಿಕುರ್ಚಿಗೆ ಕೂಡಿಸು ಅಂದರು. ಅವಳ ಬಗಲಲ್ಲಿ ಕೈ ಹಾಕಿ ಎಬ್ಬಿಸಿದೆ. ಕುರ್ಚಿಯ ಬ್ರೇಕು ಹಾಕುವುದನ್ನೇ ಮರೆತಿದ್ದೆ. ಅದು ಹಿಂದಕ್ಕೆ ಸರಿಯಿತು. ಸುರೈಯಾಳನ್ನು ಎದೆಗೆ ಒತ್ತಿ ಹಿಡಿದು ಮತ್ತೆ ಹಾಸಿಗೆಯ ಮೇಲೆ ಕೂಡಿಸಿ, "ತಪ್ಪಾತ್ರಿ, ಮೊದಲಿಂದ ಮಾಡ್ತೇನ್ರಿ" ಅಂದೆ.

"ರೋಗಿ ಬಿದ್ದ ಸೊಂಟ ಮುರದಿದ್ರ ಆಗೂ ಮೊದಲಿಂದ ಮಾಡ್ತಿದ್ದೇನು?" ಅಂದರು ನರ್ಸಬಾಯಿ.

"ಬೀಳಾಕ ಬಿಡಲಿಲ್ಲಲ್ರಿ" ಅಂದೆ. ಅವರು ಏನೋ ಬರೆದುಕೊಂಡರು. ಅಂಕ ಕಡಿದಿದ್ದಾರೆ, ಆದರೂ ಪಾಸು ಮಾಡಿದ್ದಾರೆ.

ಕೆಲಸವೂ ಸಿಕ್ಕಿದೆ. ಬಬಲೇಶ್ವರ ಕಡೆ ಸಾರವಾಡದಲ್ಲಿ ಬಸಗೊಂಡಪ್ಪ ಎಂಬ ಹಿರಿಯರು ಪಾರ್ಶ್ವವಾಯು ಹೊಡೆದು ಮಲಗಿದ್ದಾರೆ. ಮಗ ಸಂಗನಬಸವ ಬಬಲೇಶ್ವರದಲ್ಲಿ ಗೊಬ್ಬರದ ಅಂಗಡಿ ನಡೆಸುತ್ತಾನೆ. ಪ್ರಮಾಣಪತ್ರ ಇದ್ದವರೇ ಬೇಕೆಂದು ತರನ್ನುಮ ಮೇಡಂ ಹತ್ತಿರ ಕೇಳಿ ಬಂದಿದ್ದ. ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳಬೇಕು. ಬರುವ ಸೋಮವಾರ ಹೋಗುತ್ತೇನೆ.

ಗೌತಮಿ

*

ಟಿಕೋಟಾ
24 ಡಿಸೆಂಬರ್ 2024

ಗೌತಮಿ,

ಹನಮವ್ವನಿಗೆ ಓದಿ ಹೇಳಿದೆ. ಅತ್ತಳು. ಸಾಲು ನುಂಗಲಿಲ್ಲ.

ಕಾಖಂಡಕಿಯಿಂದ ಸಾರವಾಡ ಎಷ್ಟು ದೂರ ಎಂದು ನೋಡಿದೆಯಾ? ಅಪ್ಪ ಜೀವಮಾನವೆಲ್ಲ ನಡೆದು ದಾಟಿದ ದಾರಿಯನ್ನು ನೀನು ಒಂದು ಬಸ್ಸಿನಲ್ಲಿ ವಾಪಸು ಹೋದೆ.

ದವಾಖಾನೆಯಾದರೆ ನಾಲ್ಕು ಮಂದಿ ಇರುತ್ತಾರೆ, ಕಾಯಿದೆ ಇರುತ್ತದೆ. ಇದು ಮನೆ. ಮೊದಲು ಹೆಸರು ಕೇಳುತ್ತಾರೆ. ಆಮೇಲೆ ಅಡ್ಡಹೆಸರು ಕೇಳುತ್ತಾರೆ. ಆಮೇಲೆ ದನದ ಮನೆ ತೋರಿಸುತ್ತಾರೆ. ಅವತ್ತು ನಿನ್ನ ಪ್ರಮಾಣಪತ್ರ ಯಾರ ಮುಂದೆ ಹಿಡಿಯುತ್ತೀಯೋ ಹಿಡಿ.

ಅಂಬಾದಾಸ

*

ಸಾರವಾಡ
2 ಫೆಬ್ರವರಿ 2025

ಅಣ್ಣನಿಗೆ,

ನೀನು ಹೇಳಿದ್ದು ಯಾವುದೂ ಇಲ್ಲಿ ನಡೆದಿಲ್ಲ. ನಿನ್ನ ಹೊಟ್ಟೆ ತಣ್ಣಗಾಗಲಿ.

ಬಸಗೊಂಡಪ್ಪ ಮುತ್ಯಾನನ್ನು ನೋಡಿದ ಮೊದಲ ದಿನ ನನಗೇ ಹೆದರಿಕೆಯಾಯಿತು. ಸೊಂಟದ ಹತ್ತಿರ ಅಂಗೈಯಷ್ಟು ಹುಣ್ಣು. ಮಲಗಿಸಿದ ಮಗ್ಗುಲಲ್ಲೇ ಬಿಟ್ಟಿದ್ದರು, ಪಾಪ ಅವರಿಗೆ ಗೊತ್ತಿಲ್ಲ. ಈಗ ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುತ್ತೇನೆ, ಡಾಕ್ಟರು ಹೇಳಿದ ಹಾಗೆ ಗಾಯ ತೊಳೆದು ಕಟ್ಟುತ್ತೇನೆ. ಮಾಂಸ ಕೂಡಿಕೊಳ್ಳುತ್ತಿದೆ. ಮಾತು ಹೊರಡುವುದಿಲ್ಲ, ಬಾಯಿ ಒಂದು ಕಡೆ ಸೊಟ್ಟ. ಆದರೆ ಬೆಚ್ಚಗಿನ ನೀರಲ್ಲಿ ಮುಖ ಒರೆಸಿದಾಗ ಕಣ್ಣು ಮುಚ್ಚಿ ಮಗುವಿನ ಹಾಗೆ ಮುಖ ಕೊಡುತ್ತಾನೆ.

ಅವನ ಹೆಂಡತಿ ಗುರುಸಿದ್ದವ್ವ ಚೆನ್ನಾಗಿದ್ದಾಳೆ. ಸಂಗನಬಸವನೂ ಚೆನ್ನಾಗಿದ್ದಾನೆ. ಊಟ ಚೆನ್ನಾಗಿದೆ. ಎಲ್ಲ ಚೆನ್ನಾಗಿದೆ.

ವೈನಿಗೆ ಹೇಳು: ಸ್ಟೀಲಿನ ಒಂದು ತಾಟು, ಒಂದು ಗ್ಲಾಸು ಈ ಕಡೆ ಬರುವವರ ಕೈಯಲ್ಲಿ ಕಳಿಸಲಿ. ಇಲ್ಲಿಯ ತಾಟು ಭಾರ.

ಗೌತಮಿ

*

ಟಿಕೋಟಾ
10 ಫೆಬ್ರವರಿ 2025

ಗೌತಮಿ,

ಒಂದು ಕಾಗದದಲ್ಲಿ ನಾಲ್ಕು ಸಲ ಚೆನ್ನಾಗಿದೆ ಎಂದು ಬರೆದು ಕೊನೆಗೆ ತಾಟು ಕೇಳಿದ್ದೀ. ನಾನು ಮಾಸ್ತರ. ನನಗೆ ಓದಲು ಬರುತ್ತದೆ.

ನಿನ್ನೆ ತಾಟು, ಗ್ಲಾಸು ನಾನೇ ತಂದೆ. ಮನೆಯ ಮುಂದೆ ನಿಂತದ್ದೇ ಸಂಗನಬಸವ ಹೊರಗೆ ಬಂದು, "ಬರ್ರಿ ಸರ, ಒಳಗ ಬರ್ರಿ" ಅಂದ. ನನ್ನ ಇಸ್ತ್ರಿ ಅಂಗಿ ನೋಡಿದ, ಕಿಸೆಯ ಪೆನ್ನು ನೋಡಿದ. ಮಾಸ್ತರ ಅಂದ ಮೇಲಂತೂ ಕುರ್ಚಿ ಒರೆಸಿ ಕೂಡಿಸಿದ. ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ತನ್ನ ಮಗಳಿಗೆ ಗಣಿತ ಹತ್ತುವುದಿಲ್ಲ, ಯಾವ ಶಾಲೆಗೆ ಹಾಕಲಿ ಎಂದು ನನ್ನನ್ನು ಕೇಳಿದ.

ಅರ್ಧ ಚಹಾ ಕುಡಿದಿದ್ದೆ. ಹಿತ್ತಲ ಬಾಗಿಲಿನಿಂದ ದನದ ಮನೆ ಕಾಣುತ್ತಿತ್ತು. ಅಲ್ಲಿಯ ಗೂಡಿನಲ್ಲಿ ಅಂಚು ಕಪ್ಪಾದ ಒಂದು ಅಲ್ಯುಮಿನಿಯಂ ತಾಟು ಬೋರಲು ಇಟ್ಟಿತ್ತು. ಅದು ಯಾರದ್ದೆಂದು ನಾನು ಕೇಳಬೇಕಾಗಿರಲಿಲ್ಲ.

"ಗೌತಮಿ ಎಲ್ಲಿ ಅದಾಳ್ರಿ?" ಅಂದೆ.

"ಕೆಲಸದಾಕೀನಾ? ಅಪ್ಪನ ಹಂತೇಕ ಅದಾಳ. ನಿಮಗ ಹೆಂಗ ಪರಿಚಯ್ರಿ?"

"ಆಕಿ ನನ್ನ ತಂಗಿ."

ಕಪ್ಪು ತೆಗೆದುಕೊಳ್ಳಲು ಬಂದಿದ್ದ ಮುದುಕಿ ಅಲ್ಲೇ ನಿಂತಳು. ಚಾಚಿದ ಕೈ ಸೆರಗಿನೊಳಗೆ ಹೋಯಿತು. ಸಂಗನಬಸವ ಕುರ್ಚಿಯಿಂದ ಎದ್ದ. ಏಳಿ ಎಂದು ನನಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆಮೇಲೆ ನಾನು ಏನು ಮಾಡಿದೆ ಎಂದು ನಿನಗೆ ಗೊತ್ತು. ಹೌದು, ಆ ತಾಟು ತೆಗೆದು ಬೀದಿಗೆ ಒಗೆದೆ. ಹೌದು, ಓಣಿಯೆಲ್ಲ ಕೂಡುವ ಹಾಗೆ ಒದರಿದೆ. "ನನ್ನ ತಂಗಿ ನರ್ಸಿಂಗ್ ಸಹಾಯಕಿ ಅದಾಳ! ಸರ್ಕಾರದ ಪರೀಕ್ಷಾ ಪಾಸಾಗ್ಯಾಳ! ನಿಮ್ಮ ದನದ ಮನ್ಯಾಗ ಉಣ್ಣಾಕ ಬಂದಿಲ್ಲ!" ನೀನು ಮುದುಕನ ಕೋಣೆಯಿಂದ ಬಂದೆ. ನನ್ನನ್ನು ನೋಡಿದೆ. "ನಡಿ, ಗಂಟು ಕಟ್ಟು" ಎಂದು ನಾನು ಅಂದೆ. ನೀನು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡೆ.

ಆ ಮಂದಿಗೆ ನನ್ನನ್ನು ಹೀಗೆ ಒಪ್ಪಿಸಿದೆ. ಅದಕ್ಕೆ ಉತ್ತರ ಬೇಕು ನನಗೆ.

ಅಂಬಾದಾಸ

*

ವಿಜಯಪುರ
15 ಫೆಬ್ರವರಿ 2025

ಅಣ್ಣನಿಗೆ,

ಮೇಲೆ ಊರಿನ ಹೆಸರು ನೋಡಿದೆಯಲ್ಲ? ಅವತ್ತೇ ಸಂಜೆ ಸಂಗನಬಸವ ನನ್ನ ಚೀಲ ಅಂಗಳಕ್ಕೆ ಇಟ್ಟ. "ನಮಗ ಈ ಗದ್ದಲ ಬ್ಯಾಡವಾ" ಅಂದ. ಈಗ ನಿನ್ನ ಹೊಟ್ಟೆ ತುಂಬಿತೇ?

ನಿನ್ನ ಕಾಗದ ಸಾರವಾಡಕ್ಕೆ ಹೋಗಿ ಇಲ್ಲಿಗೆ ತಿರುಗಿ ಬಂತು. ಉತ್ತರ ಬೇಕಲ್ಲ, ತೆಗೆದುಕೋ. ಆ ಅಲ್ಯುಮಿನಿಯಂ ತಾಟಿನಲ್ಲಿ ನಾನು ಒಂದು ತುತ್ತೂ ಉಂಡಿಲ್ಲ. ಹೋದ ಎರಡನೆಯ ದಿನ ಗುರುಸಿದ್ದವ್ವ ಅದನ್ನು ತೋರಿಸಿದಳು. "ಅದ್ರಾಗ ಉಣ್ಣಂಗಿಲ್ರಿ" ಅಂದೆ. ಅವತ್ತಿನಿಂದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಮೇಲೆ ಪಲ್ಯ ಹಾಕಿಸಿಕೊಂಡು ಮುತ್ಯಾನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಉಂಡೆ. ನನ್ನ ಮನೆಯ ತಾಟು ತರಿಸಿದ್ದು ಅವರು ಹೇಳಿದ್ದಕ್ಕಲ್ಲ. ಅದನ್ನು ಅವರ ಅಡುಗೆಮನೆಯ ಬಾಗಿಲಲ್ಲಿ ಹಿಡಿದು, ಇದಕ್ಕೆ ಬಡಿಸಿರಿ ಎನ್ನಬೇಕಾಗಿತ್ತು ನನಗೆ. ಕಸಬರಿಗೆ ಕೊಟ್ಟು ದನದ ಮನೆ ಬಳಿ ಅಂದರು. "ಅದು ನನ್ನ ಕೆಲಸ ಅಲ್ರಿ" ಅಂದೆ. ಗುರುಸಿದ್ದವ್ವ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಬಳಿದುಕೊಂಡಳು.

ಅವರು ಒಳ್ಳೆಯವರೆಂದು ನಾನು ಸುಳ್ಳು ಬರೆದೆ, ಏಕೆಂದರೆ ನಿಜ ಬರೆದರೆ ನೀನು ಓಡಿ ಬರುತ್ತೀ ಎಂದು ಗೊತ್ತಿತ್ತು. ಸುಳ್ಳು ಬರೆದರೂ ಓಡಿ ಬಂದೆ. ನನ್ನ ಜಗಳ ನಾನು ಮಾಡುತ್ತಿದ್ದೆ, ಗೆಲ್ಲುತ್ತಲೂ ಇದ್ದೆ. ನೀನು ಒದರಿದ್ದು ನನ್ನ ತಾಟಿಗಲ್ಲ, ನಿನ್ನ ಚಹಾದ ಕಪ್ಪಿಗೆ.

ಹೊರಡುವಾಗ ಮುತ್ಯಾ ನನ್ನ ತೋಳು ಹಿಡಿದುಕೊಂಡ. ಅವನ ಒಂದೇ ಕೈಗೆ ಬಲ ಇದೆ. ಸೊಟ್ಟ ಬಾಯಲ್ಲಿ ಏನೋ ಅಂದ, ತಿಳಿಯಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿ ಬಂದೆ. ಗಾಯ ಕೂಡಲು ಇನ್ನೊಂದಿಷ್ಟೇ ಉಳಿದಿತ್ತು. ಈಗ ಅವನನ್ನು ಹೊರಳಿಸುವವರು ಯಾರು? ಅವನು ಮಲಗಿದ ಮಗ್ಗುಲಲ್ಲೇ ಮಲಗಿರುತ್ತಾನೆ. ಅದು ನಿನಗೆ ಲೆಕ್ಕಕ್ಕಿಲ್ಲ.

ಗೌತಮಿ

*

ಟಿಕೋಟಾ
20 ಫೆಬ್ರವರಿ 2025

ಗೌತಮಿ,

ಲೆಕ್ಕಕ್ಕಿಲ್ಲ, ಹೌದು. ಆ ಮುದುಕನ ಬೆನ್ನಿಗೆ ನೀನು ಅಳು. ನಾನು ಅಳುವುದಿಲ್ಲ.

ಅಪ್ಪನ ಬೆನ್ನು ತೊಳೆದೆ ಎಂದು ನನ್ನ ಮುಖಕ್ಕೆ ಹೊಡೆದ ಹಾಗೆ ಬರೆದಿದ್ದೆ. ತೊಳೆದವಳು ಆ ಬೆನ್ನನ್ನು ನೋಡಿಲ್ಲವೇ? ಹೆಗಲಿನಿಂದ ಸೊಂಟದವರೆಗೆ ಬಾರುಕೋಲಿನ ಗೆರೆ. ಸತ್ತ ಎತ್ತನ್ನು ಎಳೆಯಲು ತಡವಾಯಿತೆಂದು ಹೊಡೆದದ್ದು. ನಾನು ಸಣ್ಣವನಿದ್ದಾಗ ಒಂದು ಸಲ ನೋಡಿ, ಇದೇನಪ್ಪಾ ಎಂದು ಕೇಳಿದ್ದೆ. ಅವತ್ತಿನಿಂದ ಅವನು ನನ್ನ ಮುಂದೆ ಅಂಗಿ ತೆಗೆಯಲಿಲ್ಲ. ಬ್ಯಾಸಿಗೆಯಲ್ಲೂ ತೆಗೆಯಲಿಲ್ಲ. ಕೊನೆಗೆ ಹಾಸಿಗೆಯ ಮೇಲೆ ಬಿದ್ದಾಗಲೂ, ನಾನು ಬಾಗಿಲಿಗೆ ಬಂದರೆ ಕೈಯಲ್ಲಿ ಚಾದರ ಎಳೆದುಕೊಳ್ಳುತ್ತಿದ್ದ.

ಬಾಗಿಲ ಹೊರಗೆ ನಿಂತದ್ದು ಹೇಸಿ ಅಲ್ಲ.

ಇನ್ನು ಬರೆಯುವುದಿಲ್ಲ.

ಅಂಬಾದಾಸ

*

ಸಾರವಾಡ
6 ಏಪ್ರಿಲ್ 2025

ಅಣ್ಣನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಎರಡು ಸಲ ಬರೆದು ಹರಿದೆ.

ಮೊದಲು ಇಲ್ಲಿಯದು ಹೇಳುತ್ತೇನೆ. ಮಾರ್ಚ್ ಮೊದಲ ವಾರ ಸಂಗನಬಸವ ತರನ್ನುಮ ಮೇಡಂಗೆ ಫೋನು ಮಾಡಿದ. ನನ್ನ ಹಿಂದೆ ಇಬ್ಬರು ಬಂದು ಬಿಟ್ಟುಹೋಗಿದ್ದರು. ಮುತ್ಯಾ ಉಣ್ಣುತ್ತಿಲ್ಲ, ಗಾಯ ಮತ್ತೆ ಬಾಯಿ ಬಿಟ್ಟಿದೆ, ಗೌತಮಿಯನ್ನೇ ಕಳಿಸಿರಿ ಅಂದ. "ನನ್ನ ಕೇಳಿದ್ರ ಆಗೂದಿಲ್ರಿ, ಆಕಿನ್ನ ಕೇಳಬೇಕು" ಅಂದರು ಮೇಡಂ, ಫೋನು ನನ್ನ ಕೈಗೆ ಕೊಟ್ಟರು.

"ಬರ್ತೇನ್ರಿ" ಅಂದೆ. "ಆದ್ರ ತಲಬಾಗಲಾ ಹಾದು ಬರ್ತೇನಿ. ನಿಮ್ಮ ಮನಿ ಮಂದಿ ಉಣ್ಣೂ ತಾಟಿನ್ಯಾಗ ಉಣ್ತೇನಿ. ಮುತ್ಯಾನ ಸೇವಾ ಬಿಟ್ಟ ಬ್ಯಾರೆ ಕೆಲಸ ಹೇಳಂಗಿಲ್ಲ. ಕೆಲಸದಾಕಿ ಅನ್ನಂಗಿಲ್ಲ, ನನಗ ಹೆಸರೈತಿ."

ಅವನ ಹಿಂದೆ ಗುರುಸಿದ್ದವ್ವ ಏನೋ ಗೊಣಗುವುದು ಕೇಳುತ್ತಿತ್ತು. "ಬರ್ರಿ" ಅಂದ. ಬಾ ಅನ್ನಲಿಲ್ಲ, ಬರ್ರಿ ಅಂದ.

ಹೋದೆ. ಮುಂಬಾಗಿಲಿನಿಂದಲೇ ಹೋದೆ. ಇದನ್ನು ಓದಿ ಆ ಮಂದಿ ಬದಲಾದರೆಂದು ತಿಳಿಯಬೇಡ. ನಾನು ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದರೆ ಗುರುಸಿದ್ದವ್ವ ಗೋಡೆಗೆ ಮುಖ ತಿರುಗಿಸುತ್ತಾಳೆ. ನಾನುಂಡ ತಾಟಿಗೆ ಎರಡು ಸಲ ಬೂದಿ ಹಚ್ಚುತ್ತಾಳೆ. ಹಚ್ಚಿಕೊಳ್ಳಲಿ. ಆದರೆ ಬಡಿಸುತ್ತಾಳೆ. ಮುತ್ಯಾ ಎರಡು ದಿನ ನನ್ನ ಕಡೆ ನೋಡಲಿಲ್ಲ, ಬಿಟ್ಟುಹೋದಳೆಂಬ ಸಿಟ್ಟು. ಮೂರನೆಯ ದಿನ ಗಂಜಿಯ ಚಮಚೆಗೆ ಬಾಯಿ ತೆರೆದ.

ಈಗ ನಿನ್ನ ಮಾತು. ಆ ಗೆರೆಗಳನ್ನು ನೋಡಿದ್ದೇನೆ. ದಿನವೂ ನೋಡಿದ್ದೇನೆ, ಅವುಗಳ ಮೇಲೆ ಕೈ ಆಡಿಸಿ ಎಣ್ಣೆ ಹಚ್ಚಿದ್ದೇನೆ. ನನ್ನ ಮುಂದೆ ಅಪ್ಪ ಚಾದರ ಎಳೆದುಕೊಳ್ಳಲಿಲ್ಲ. ಏಕೆ ಎಂದು ನನಗೂ ಗೊತ್ತಿಲ್ಲ. ನೀನು ಅದಕ್ಕಾಗಿ ಹೊರಗೆ ನಿಂತಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಹೇಸಿದ ಎಂದು ಬರೆದದ್ದು ತಪ್ಪು. ಅದೊಂದನ್ನೇ ವಾಪಸು ತೆಗೆದುಕೊಳ್ಳುತ್ತೇನೆ, ಉಳಿದದ್ದು ಯಾವುದನ್ನೂ ಅಲ್ಲ.

ಬಸಗೊಂಡಪ್ಪನನ್ನು ಹೊರಳಿಸುವಾಗ ಅವನ ಬೆನ್ನು ನೋಡುತ್ತೇನೆ. ಒಂದು ಗೀರೂ ಇಲ್ಲದ ಬೆನ್ನು. ಒಮ್ಮೊಮ್ಮೆ ನನಗೂ ಕೈ ನಿಲ್ಲುತ್ತದೆ. ಇವನ ಕೈ ಯಾರ ಮೇಲೆ ಬಾರುಕೋಲು ಎತ್ತಿತ್ತೋ ಎಂದು ಅನ್ನಿಸುತ್ತದೆ. ಆಮೇಲೆ ಹೊರಳಿಸುತ್ತೇನೆ. ಅಪ್ಪನಿಗೆ ಬೇಡ ಎನ್ನುವ ಹಕ್ಕಿರಲಿಲ್ಲ, ಕಸಬರಿಗೆ ಒಗೆದು ಊರನ್ನೇ ಬಿಡಬೇಕಾಯಿತು. ನಾನು ಬೇಡ ಎಂದು ಹೇಳಿಯೂ ಇಲ್ಲೇ ಇದ್ದೇನೆ. ನಾಳೆ ಬೇಡವೆನಿಸಿದರೆ ನನ್ನ ಚೀಲ ನಾನೇ ಎತ್ತಿಕೊಂಡು ಹೋಗುತ್ತೇನೆ. ಇದು ನಿನ್ನ ತಲೆಗೆ ಹೋಗುವವರೆಗೆ ನಾವಿಬ್ಬರೂ ಜಗಳವಾಡುತ್ತಲೇ ಇರುತ್ತೇವೆ.

ಏಪ್ರಿಲ್ ಹದಿನಾಲ್ಕರ ಜಯಂತಿಗೆ ಎಲ್ಲರೂ ಬರುತ್ತಾರೆ, ನೀನೂ ಬಾ ಎಂದು ವೈನಿ ಹೇಳಿಕಳಿಸಿದ್ದಾಳೆ. ನನಗೆ ಅವತ್ತು ರಜೆ ಇದೆ. ಆದರೂ ಬರುವುದಿಲ್ಲ. ನೀನು ಸಾರವಾಡದ ಓಣಿಯಲ್ಲಿ ನಿಂತು ನನ್ನ ಕೆಲಸದ ಹೆಸರು ಹೇಳಿದೆ. ಅಲ್ಲಿ ಹೇಳುವುದು ಸುಲಭ, ಅವರು ನಿನ್ನ ವೈರಿಗಳು. ನಿನ್ನ ಮನೆಯ ಎದುರಿನ ಕಟ್ಟೆಯ ಮೇಲೆ ಒಂದು ದಿನ ಕೂತು, ಯಾರಾದರೂ ಕೇಳಿದಾಗ ಅದನ್ನೇ ಹೇಳು. ಒದರಬೇಡ. ಮಾಮೂಲಾಗಿ ಹೇಳು, ನೀನು ಮಾಸ್ತರ ಎಂದು ಹೇಳುವ ಹಾಗೆ.

ಹೇಳಿದ ದಿನ ವೈನಿ ನನಗೆ ಫೋನು ಮಾಡಲಿ. ಮರುದಿನದ ಮೊದಲ ಬಸ್ಸಿಗೆ ಬರುತ್ತೇನೆ.

ಜೈಭೀಮ.

ಗೌತಮಿ